ಒಂದೇ ಗಾಜಿನ ಮನೆಯಲ್ಲಿ ಕ್ರೇಫಿಶ್ ಮತ್ತು ಮೀನು

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)





ಉನ್ನತ ಶಿಕ್ಷಣ, ವಿದ್ಯಾರ್ಥಿವೇತನ, ಸ್ಪರ್ಧಾತ್ಮಕ ಪರೀಕ್ಷೆ ಮುಂತಾದ ಭಾರವಾದ ವಿಷಯಗಳ ನಡುವೆ ಮನೆಯ ಮೂಲೆಯಲ್ಲಿರುವ ಮೀನಿನ ತೊಟ್ಟಿಯ ಮಾತು ನಿಮಗೆ ಬಹಳ ಹಗುರವೆಂದು ತೋರಬಹುದು. ಆದರೆ ಈ ವಿಷಯ ನಾನು ಆರಿಸಿದ್ದಲ್ಲ, ವಿದ್ಯಾರ್ಥಿಗಳಿಂದಲೇ ಬಂದದ್ದು. ಮನೆಯಲ್ಲಿ ಅಕ್ವೇರಿಯಂ ಇರುವ ಹಲವರು ಕೇಳುತ್ತಾರೆ: “ಸರ್, ಅಂಗಡಿಯಲ್ಲಿ ನೀಲಿ ಬಣ್ಣದ ಲಾಬ್‌ಸ್ಟರ್ ಬಂದಿದೆ. ಮೀನುಗಳ ಜೊತೆ ಬಿಡಬಹುದೇ?” ಅಂಗಡಿಯವರು “ಏನೂ ಆಗುವುದಿಲ್ಲ, ಬಿಡಿ” ಎನ್ನುತ್ತಾರೆ. ಗೆಳೆಯರು “ಒಂದೇ ರಾತ್ರಿಯಲ್ಲಿ ತೊಟ್ಟಿ ಖಾಲಿಯಾದೀತು” ಎಂದು ಹೆದರಿಸುತ್ತಾರೆ. ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಇಂದು ನೋಡೋಣ.

ಅಂಗಡಿಗಳಲ್ಲಿ ಲಾಬ್‌ಸ್ಟರ್ ಎಂದು ಮಾರಲಾಗುವ ಈ ಜೀವಿ ಲಾಬ್‌ಸ್ಟರ್ ಅಲ್ಲ. ಲಾಬ್‌ಸ್ಟರ್ ಉಪ್ಪುನೀರಿನ ಪ್ರಾಣಿ; ಇದು ಅದರ ಸಿಹಿನೀರಿನ ಸಂಬಂಧಿ, ಕ್ರೇಫಿಶ್. ಹೆಸರಿನಲ್ಲಿ ಫಿಶ್ ಇದ್ದರೂ ಮೀನೂ ಅಲ್ಲ. ಏಡಿ, ಸಿಗಡಿಗಳ ಹಾಗೆ ಹತ್ತು ಕಾಲುಗಳ ಚಿಪ್ಪುಜೀವಿ. ಮುಂದಿನ ಜೋಡಿ ಕಾಲುಗಳೇ ದೊಡ್ಡ ಕೊಂಡಿಗಳಾಗಿವೆ. ನಮ್ಮ ತೊಟ್ಟಿಗಳಿಗೆ ಬರುವವು ಹೆಚ್ಚಾಗಿ ಮೂರು ನಾಲ್ಕು ಜಾತಿಯವು. ಅಮೆರಿಕದ ದಕ್ಷಿಣ ಭಾಗ ಮತ್ತು ಉತ್ತರ ಮೆಕ್ಸಿಕೋ ಮೂಲದ ಕೆಂಪು ಕ್ರೇಫಿಶ್, ಅಂದರೆ ಪ್ರೊಕ್ಯಾಂಬರಸ್ ಕ್ಲಾರ್ಕಿ. ಫ್ಲೋರಿಡಾದ ನೀಲಿ ಕ್ರೇಫಿಶ್. ಉತ್ತರ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ರೆಡ್‌ಕ್ಲಾ. ಅಪರೂಪಕ್ಕೆ ಮೆಕ್ಸಿಕೋದ ಪುಟ್ಟ ಕಿತ್ತಳೆ ಬಣ್ಣದ ಕ್ರೇಫಿಶ್. ಇವುಗಳಲ್ಲಿ ಒಂದೂ ನಮ್ಮ ನೆಲದ್ದಲ್ಲ. ಭಾರತ ಉಪಖಂಡದ ಹೊಳೆ, ಕೆರೆಗಳಲ್ಲಿ ಏಡಿಗಳಿವೆ, ಸಿಗಡಿಗಳಿವೆ, ಆದರೆ ಸ್ಥಳೀಯ ಕ್ರೇಫಿಶ್ ಒಂದೂ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಇದನ್ನು ತಿನ್ನಬಹುದೇ ಎಂದು ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು! ನೀರಿನ ಜೀವಿಗಳ ಬಗ್ಗೆ ಶಾಫಿಈ ಮತ್ತು ಹನಫಿ ವಿದ್ವಾಂಸರ ಅಭಿಪ್ರಾಯಗಳು ಬೇರೆ ಬೇರೆ ಇವೆ. ಆ ಮಸ್‌ಅಲವನ್ನು ವೇದಿಕೆಯಲ್ಲಿರುವ ಉಸ್ತಾದರಿಗೆ ಬಿಟ್ಟಿದ್ದೇನೆ. ನನ್ನ ಪಾಲಿಗೆ ಬಂದದ್ದು ಸಾಕುವ ವಿಷಯ ಮಾತ್ರ.

ಸಾಕುವುದರ ಬಗ್ಗೆ ನಮ್ಮ ಪರಂಪರೆಯಲ್ಲಿ ಸ್ಪಷ್ಟವಾದ ಮಾತುಗಳಿವೆ. ಹ. ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿಯೊಂದಿಗೆ ಆಡುತ್ತಿದ್ದ. ಅದು ಸತ್ತಾಗ ಪ್ರವಾದಿ(ಸ)ರವರು ಆ ಬಾಲಕನನ್ನು ಪ್ರೀತಿಯಿಂದ ಮಾತನಾಡಿಸಿ ಹಕ್ಕಿಯ ಬಗ್ಗೆ ವಿಚಾರಿಸಿದರು. ಪ್ರಾಣಿ ಪಕ್ಷಿಗಳನ್ನು ಮನೆಯಲ್ಲಿ ಸಾಕಲು ಅನುಮತಿ ಇದೆಯೆಂಬುದಕ್ಕೆ ವಿದ್ವಾಂಸರು ಈ ಹದೀಸನ್ನು ಆಧಾರವಾಗಿ ನೀಡುತ್ತಾರೆ. ಇನ್ನೊಂದು ಕಡೆ, ಬೆಕ್ಕನ್ನು ಕೂಡಿಹಾಕಿ, ತಾನೂ ಆಹಾರ ಕೊಡದೆ, ಅದು ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಗೆ ಶಿಕ್ಷೆಯಾಯಿತೆಂಬ ಹದೀಸನ್ನು ಮದ್ರಸದ ಮಕ್ಕಳೂ ಬಲ್ಲರು. ಇದರಲ್ಲಿ ‘ಕೂಡಿಹಾಕಿ’ ಎಂಬ ಪದವನ್ನು ಗಮನಿಸಿ. ಬೀದಿಯ ಬೆಕ್ಕಿಗೆ ತನ್ನ ದಾರಿ ತನಗಿದೆ. ಬಾಗಿಲು ಮುಚ್ಚಿದ ಕ್ಷಣದಿಂದ ಅದರ ಹಸಿವು ಬಾಗಿಲು ಮುಚ್ಚಿದವರ ಲೆಕ್ಕಕ್ಕೆ ಸೇರುತ್ತದೆ.

ಇವೆರಡನ್ನೂ ನೀವು ಮೊದಲೇ ಕೇಳಿರಬಹುದು. ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಮಾತನ್ನು ಈಗ ಹೇಳುತ್ತೇನೆ. ಹದಿಮೂರನೇ ಶತಮಾನದಲ್ಲಿ ದಮಾಸ್ಕಸ್ ಮತ್ತು ಕೈರೋದಲ್ಲಿ ಬಾಳಿದ ಶಾಫಿಈ ಮದ್‌ಹಬ್‌ನ ದೊಡ್ಡ ವಿದ್ವಾಂಸರು ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್. ‘ಸುಲ್ತಾನುಲ್ ಉಲಮಾ’ ಎಂದು ಪ್ರಸಿದ್ಧರಾದ ಅವರು 1262ರಲ್ಲಿ ಕೈರೋದಲ್ಲಿ ನಿಧನರಾದರು. ‘ಕವಾಇದುಲ್ ಅಹ್ಕಾಮ್’ ಎಂಬ ತಮ್ಮ ಗ್ರಂಥದಲ್ಲಿ ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ವಿವರಿಸಿದ್ದಾರೆ. ಮುದಿಯಾಗಿ ಅಥವಾ ಕಾಯಿಲೆಯಾಗಿ ಉಪಯೋಗಕ್ಕೆ ಬಾರದಿದ್ದರೂ ಅದರ ಖರ್ಚನ್ನು ಯಜಮಾನನೇ ಭರಿಸಬೇಕು, ಶಕ್ತಿಗೆ ಮೀರಿದ ಹೊರೆ ಹೊರಿಸಬಾರದು, ತಂಗುವ ಜಾಗ ಒಳ್ಳೆಯದಿರಬೇಕು, ಹೀಗೆ ಆ ಪಟ್ಟಿ ಸಾಗುತ್ತದೆ. ಅದರಲ್ಲೊಂದು ಹಕ್ಕು, ಒಂದು ಪ್ರಾಣಿಗೆ ಗಾಯ ಮಾಡಬಲ್ಲ ಇನ್ನೊಂದು ಪ್ರಾಣಿಯೊಂದಿಗೆ ಅದನ್ನು ಕೂಡಿಹಾಕಬಾರದು ಎಂಬುದು. ಆ ಇನ್ನೊಂದು ಪ್ರಾಣಿ ಅದೇ ಜಾತಿಯದ್ದಾಗಿರಲಿ, ಬೇರೆ ಜಾತಿಯದ್ದಾಗಿರಲಿ!

ಅವರ ಕಣ್ಣ ಮುಂದಿದ್ದದ್ದು ಕುರಿ, ಒಂಟೆ, ಕುದುರೆಗಳಿರಬೇಕು. ಆದರೆ ನಮ್ಮ ತೊಟ್ಟಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಅಳತೆಗೋಲು ನನಗೆ ಸಿಕ್ಕಿಲ್ಲ. ‘ಜೊತೆಗೆ ಬಿಟ್ಟರೆ ಬದುಕುತ್ತವೆಯೇ’ ಎಂದಲ್ಲ, ‘ಒಂದರಿಂದ ಇನ್ನೊಂದಕ್ಕೆ ಗಾಯವಾಗುತ್ತದೆಯೇ’ ಎಂದು ಕೇಳಬೇಕು. ಹಾಗೆ ಕೇಳುವಾಗ ಹಗಲಿನಲ್ಲಿ, ಲೈಟು ಉರಿಯುವಾಗ, ನೀವು ನೋಡುತ್ತಿರುವಾಗಿನ ಸ್ಥಿತಿ ಲೆಕ್ಕಕ್ಕಿಲ್ಲ. ಎರಡೂ ಜೀವಿಗಳ ಅತ್ಯಂತ ಬಲಹೀನ ಗಳಿಗೆ ಯಾವುದು ಎಂದು ನೋಡಬೇಕು. ಮೀನಿಗೆ ಅಂಥ ಗಳಿಗೆ ರಾತ್ರಿ. ಕ್ರೇಫಿಶ್‌ಗೆ ಅದು ಪೊರೆ ಕಳಚುವ ಸಮಯ.

ಮೊದಲು ರಾತ್ರಿಯ ಮಾತು. ಹಗಲು ಕ್ರೇಫಿಶ್ ಕಲ್ಲಿನ ಸಂದಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಮೀನುಗಳು ಅದರ ತಲೆಯ ಮೇಲೆಯೇ ಓಡಾಡಿದರೂ ಅದು ಮಿಸುಕಾಡುವುದಿಲ್ಲ. ‘ನೋಡಿ ಎಷ್ಟು ಸಾಧು!’ ಎಂದು ಮನೆಯವರು ಮೆಚ್ಚುತ್ತಾರೆ. ಲೈಟು ಆರಿದ ಮೇಲೆ ಅದರ ದಿನ ಆರಂಭವಾಗುತ್ತದೆ. ಕಣ್ಣಿಗಿಂತ ಮೀಸೆಯನ್ನೇ ನಂಬುವ ಜೀವಿ ಅದು. ಉದ್ದ ಮೀಸೆಗಳಿಂದ ತಡವುತ್ತಾ, ಚಿಕ್ಕ ಮೀಸೆಗಳಿಂದ ನೀರಿನ ವಾಸನೆ ಹಿಡಿಯುತ್ತಾ ತೊಟ್ಟಿಯ ತಳವನ್ನೆಲ್ಲ ಸುತ್ತುತ್ತದೆ. ಆ ಹೊತ್ತಿಗೆ ಮೀನುಗಳು ನಿದ್ರೆಯಲ್ಲಿರುತ್ತವೆ. ಅವುಗಳಿಗೆ ಕಣ್ಣುರೆಪ್ಪೆ ಇಲ್ಲವಾದ್ದರಿಂದ ನಮಗೆ ತಿಳಿಯುವುದಿಲ್ಲ, ಅಷ್ಟೇ. ಬಹಳಷ್ಟು ಮೀನುಗಳು ತಳದ ಹತ್ತಿರ, ಗಿಡದ ಮರೆಯಲ್ಲಿ ನಿಶ್ಚಲವಾಗಿ ನಿಲ್ಲುತ್ತವೆ. ಕೊಂಡಿ ಅಲ್ಲಿಗೇ ತಲುಪುತ್ತದೆ.

ಇಲ್ಲಿ ಕ್ರೇಫಿಶ್‌ನ ಪರವಾಗಿಯೂ ಒಂದು ಮಾತು ಹೇಳಬೇಕು. ಬೆಳಿಗ್ಗೆ ಅದು ಸತ್ತ ಮೀನನ್ನು ಹಿಡಿದು ತಿನ್ನುತ್ತಿರುವುದನ್ನು ಕಂಡ ತಕ್ಷಣ ಕೊಲೆಗಾರನೆಂದು ತೀರ್ಪು ಕೊಡುವವರೇ ಹೆಚ್ಚು. ಆರೋಗ್ಯವಾಗಿರುವ ಚುರುಕಾದ ಮೀನನ್ನು ಹಿಡಿಯುವುದು ಕ್ರೇಫಿಶ್‌ಗೆ ಸುಲಭವಲ್ಲ. ಕೊಳೆತ ಎಲೆ, ಪಾಚಿ, ಹುಳು, ಸತ್ತ ಪ್ರಾಣಿ, ಸಿಕ್ಕಿದ್ದನ್ನೆಲ್ಲ ತಿನ್ನುವ ಜೀವಿ ಅದು. ನೀರು ಕೆಟ್ಟು ಅಥವಾ ಕಾಯಿಲೆಯಿಂದ ಮೀನು ಮೊದಲೇ ಸತ್ತಿದ್ದು, ಕ್ರೇಫಿಶ್ ಬರೀ ತೊಟ್ಟಿಯನ್ನು ಶುಚಿಗೊಳಿಸುತ್ತಿರುವ ಸಾಧ್ಯತೆ ಬಹಳ ಇದೆ. ಒಂದು ಮೀನು ಸತ್ತಾಗ ಕೊಂಡಿಯನ್ನಲ್ಲ, ನೀರನ್ನು ಮೊದಲು ಪರೀಕ್ಷಿಸಿ.

ಹಾಗೆಂದು ಎಲ್ಲ ಮೀನುಗಳಿಗೂ ಅಪಾಯ ಒಂದೇ ಅಲ್ಲ. ತಳದಲ್ಲೇ ಬದುಕುವ, ತಳದಲ್ಲೇ ಮಲಗುವ ಮೀನುಗಳನ್ನು, ಅಂದರೆ ಕೋರಿಡೋರಸ್, ಲೋಚ್, ತೊಟ್ಟಿಯ ಗಾಜು ನೆಕ್ಕುವ ಸಕ್ಕರ್ ಮೀನು ಇವುಗಳನ್ನು, ಕ್ರೇಫಿಶ್ ಜೊತೆ ಬಿಡಲೇಬಾರದು. ಉದ್ದ ಬಾಲದ, ನಿಧಾನವಾಗಿ ಈಜುವ ಫೈಟರ್ ಮೀನು, ದುಂಡು ಹೊಟ್ಟೆಯ ಗೋಲ್ಡ್‌ಫಿಶ್, ಏಂಜೆಲ್ ಇವುಗಳ ಬಾಲವನ್ನು ಅದು ಕತ್ತರಿಸುತ್ತದೆ. ಬಾಲ ಹರಿದ ಮೀನು ತಕ್ಷಣ ಸಾಯುವುದಿಲ್ಲ, ಗಾಯಕ್ಕೆ ಶಿಲೀಂಧ್ರ ಹತ್ತಿ ವಾರಗಟ್ಟಲೆ ನರಳುತ್ತದೆ. ಮೇಲಿನ ನೀರಿನಲ್ಲಿ ಗುಂಪಾಗಿ ಸದಾ ಓಡಾಡುವ ಜೀಬ್ರಾ ಡೇನಿಯೋದಂತಹ ಮೀನುಗಳಿಗೆ ಅಪಾಯ ಕಡಿಮೆ. ‘ಕಡಿಮೆ’ ಎಂದೆ, ‘ಇಲ್ಲ’ ಎನ್ನಲಿಲ್ಲ.

ಈಗ ಎರಡನೇ ಗಳಿಗೆ. ವಿದ್ಯಾರ್ಥಿಗಳೇ, ಈ ಭಾಗವನ್ನು ಸ್ವಲ್ಪ ಗಮನವಿಟ್ಟು ಓದಿ. ಸೃಷ್ಟಿಯ ಸೂಕ್ಷ್ಮಗಳನ್ನು ನೋಡಬೇಕೆಂಬವರಿಗೆ ಇದೊಂದು ಪಾಠವೇ ಆಗಿದೆ.

ಕ್ರೇಫಿಶ್‌ನ ಅಸ್ಥಿಪಂಜರ ಹೊರಗಿದೆ. ಗಟ್ಟಿ ಚಿಪ್ಪು ಹಿಗ್ಗುವುದಿಲ್ಲ. ಆದ್ದರಿಂದ ದೇಹ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಇಡಿಯಾಗಿ ಕಳಚಲೇಬೇಕು. ಮರಿಗಳು ಮತ್ತೆ ಮತ್ತೆ ಕಳಚುತ್ತವೆ, ದೊಡ್ಡವು ವರ್ಷಕ್ಕೆ ಕೆಲವೇ ಬಾರಿ. ಚಿಪ್ಪಿನ ಮುಖ್ಯ ವಸ್ತು ಕ್ಯಾಲ್ಸಿಯಂ. ಸಿಹಿನೀರಿನಲ್ಲಿ ಕ್ಯಾಲ್ಸಿಯಂ ದುರ್ಲಭ. ಇರುವುದನ್ನೆಲ್ಲ ಕಳಚಿ ಎಸೆದರೆ ಹೊಸ ಚಿಪ್ಪಿಗೆ ಎಲ್ಲಿಂದ ತರುವುದು? ಅದಕ್ಕಾಗಿ ಕಳಚುವ ಮುನ್ನ ಹಳೆಯ ಚಿಪ್ಪಿನಿಂದ ಒಂದಷ್ಟು ಕ್ಯಾಲ್ಸಿಯಂ ರಕ್ತಕ್ಕೆ ಇಳಿದು, ಜಠರದ ಗೋಡೆಯಲ್ಲಿ ಗುಂಡಿಯಾಕಾರದ ಎರಡು ಬಿಳಿ ಕಲ್ಲುಗಳಾಗಿ ಶೇಖರವಾಗುತ್ತದೆ. ಪೊರೆ ಬಿಟ್ಟ ನಂತರ ಆ ಕಲ್ಲುಗಳು ಕರಗಿ ಹೊಸ ಚಿಪ್ಪಿನ ಅತಿ ಅಗತ್ಯದ ಭಾಗಗಳನ್ನು ಮೊದಲು ಗಟ್ಟಿ ಮಾಡುತ್ತವೆ. ಹಿಂದೆ ಯುರೋಪಿನ ಔಷಧಿ ಅಂಗಡಿಗಳಲ್ಲಿ ಈ ಕಲ್ಲುಗಳನ್ನು ‘ಏಡಿಯ ಕಣ್ಣು’ ಎಂದು ಕರೆದು ಹುಳಿತೇಗಿಗೆ ಮದ್ದಾಗಿ ಮಾರುತ್ತಿದ್ದರು! ಕಲ್ಲುಗಳಿಂದ ಸಿಗುವುದು ಒಂದು ಪಾಲು ಮಾತ್ರ. ಉಳಿದದ್ದನ್ನು ನೀರಿನಿಂದ ಹೀರಬೇಕು, ಇಲ್ಲವೇ ಕಳಚಿದ ಚಿಪ್ಪನ್ನೇ ತಿನ್ನಬೇಕು. ಆದುದರಿಂದ ಬಿದ್ದ ಪೊರೆಯನ್ನು ಕಸವೆಂದು ತೆಗೆದು ಎಸೆಯಬೇಡಿ, ಅದು ಅದರ ಆಹಾರ. ತಲೆಯ ಚಿಪ್ಪು ಮತ್ತು ಬಾಲದ ನಡುವೆ ಸೀಳಿದ್ದು, ಒಳಗೆ ಟೊಳ್ಳಾಗಿದ್ದರೆ ಅದು ಪೊರೆ ಮಾತ್ರ. ‘ಕ್ರೇಫಿಶ್ ಸತ್ತಿತು’ ಎಂದು ಮಕ್ಕಳು ಅಳುವ ಮುನ್ನ ಕಲ್ಲಿನ ಕೆಳಗೆ ಒಮ್ಮೆ ನೋಡಿ.

ಪೊರೆ ಕಳಚಿದ ಕ್ರೇಫಿಶ್ ನೆನೆದ ಕಾಗದದಷ್ಟು ಮೆತ್ತಗಿರುತ್ತದೆ. ಕೊಂಡಿಗಳಿದ್ದರೂ ಅವುಗಳಿಂದ ಏನನ್ನೂ ಹಿಡಿಯಲಾಗದು. ಗಟ್ಟಿಯಾಗಲು ಕೆಲವು ದಿನಗಳೇ ಬೇಕು. ನಿನ್ನೆಯವರೆಗೆ ಅದಕ್ಕೆ ಹೆದರುತ್ತಿದ್ದ ಮೀನುಗಳು ಈಗ ಅದನ್ನು ಕುಕ್ಕುತ್ತವೆ. ಸಿಕ್ಲಿಡ್ ಜಾತಿಯ ದೊಡ್ಡ ಮೀನುಗಳು, ಉದಾಹರಣೆಗೆ ಆಸ್ಕರ್, ಕೆಲವೇ ನಿಮಿಷಗಳಲ್ಲಿ ಅದನ್ನು ಹರಿದು ತಿನ್ನಬಲ್ಲವು. ಸಣ್ಣ ಮೀನುಗಳೂ ಮೀಸೆ, ಕಣ್ಣುಗಳನ್ನು ಕಚ್ಚುತ್ತವೆ. ಅದೇ ಜಾತಿಯ ಇನ್ನೊಂದು ಕ್ರೇಫಿಶ್ ಇದ್ದರಂತೂ ಅದೇ ಮೊದಲ ಶತ್ರು. ಒಂದು ತೊಟ್ಟಿಯಲ್ಲಿ ಎರಡನ್ನು ಬಿಟ್ಟರೆ ಒಂದು ಉಳಿಯುವುದಕ್ಕೆ ಕಾರಣ ಸಾಮಾನ್ಯವಾಗಿ ಜಗಳವಲ್ಲ, ಪೊರೆ. ಇಝ್ಝುದ್ದೀನ್‌ರ ‘ಅದೇ ಜಾತಿಯದ್ದಾಗಿರಲಿ, ಬೇರೆಯದ್ದಾಗಿರಲಿ’ ಎಂಬ ಮಾತು ಇಲ್ಲಿ ಅಕ್ಷರಶಃ ಹೊಂದುತ್ತದೆ.

“ಸರ್, ಹೊಳೆಯಲ್ಲಿ ಇವೆಲ್ಲ ಒಟ್ಟಿಗೇ ಬದುಕುತ್ತವಲ್ಲ? ಅಲ್ಲಾಹನು ಹಾಗೆ ತಾನೇ ಸೃಷ್ಟಿಸಿದ್ದು?” ಎಂಬ ಆಕ್ಷೇಪ ಬರುತ್ತದೆ. ನಿಜ. ಒಂದು ಜೀವಿ ಇನ್ನೊಂದಕ್ಕೆ ಆಹಾರವಾಗುವುದು ಪ್ರಕೃತಿಯ ನಿಯಮ, ಅದರಲ್ಲಿ ಪಾಪವಿಲ್ಲ. ಆದರೆ ಹೊಳೆಯಲ್ಲಿ ಮೀನಿಗೆ ಓಡಲು ದಾರಿಯಿದೆ, ಪೊರೆ ಬಿಡುವ ಕ್ರೇಫಿಶ್‌ಗೆ ದಡದ ಬಿಲವಿದೆ. ಎರಡು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡೂ ಇಲ್ಲ. ಆ ಗಾಜನ್ನು ಇಟ್ಟವರು ನಾವು. “ನಮ್ಮ ತೊಟ್ಟಿಯಲ್ಲಿ ಆರು ತಿಂಗಳಿಂದ ಜೊತೆಗಿವೆ, ಏನೂ ಆಗಿಲ್ಲ” ಎನ್ನುವವರಿಗೂ ಒಂದು ಮಾತು. ಅಂಗಡಿಯಿಂದ ತಂದಾಗ ಅದು ಬೆರಳಿನ ಎರಡು ಗೆಣ್ಣಿನಷ್ಟಿತ್ತು. ಪ್ರತಿ ಪೊರೆಗೂ ಕೊಂಡಿ ದೊಡ್ಡದಾಗುತ್ತದೆ. ಕೆಂಪು ಕ್ರೇಫಿಶ್ ನಮ್ಮಂಥ ಬಿಸಿ ಪ್ರದೇಶದಲ್ಲಿ ಕೆಲವೇ ತಿಂಗಳುಗಳಲ್ಲಿ ಪ್ರೌಢಾವಸ್ಥೆಗೆ ಬಂದು ಹತ್ತು ಸೆಂಟಿಮೀಟರ್ ದಾಟುತ್ತದೆ. ಆರು ತಿಂಗಳ ಹಿಂದಿನ ಪ್ರಾಣಿ ಈಗ ತೊಟ್ಟಿಯಲ್ಲಿಲ್ಲ.

ಹಾಗಾದರೆ ನನ್ನ ಉತ್ತರವೇನು? ಒಂದು ತೊಟ್ಟಿ, ಒಂದು ಕ್ರೇಫಿಶ್, ಮೀನು ಬೇಡ. ಹೊಸದಾಗಿ ಆರಂಭಿಸುವ ವಿದ್ಯಾರ್ಥಿಗೆ ನಾನು ಹೇಳುವುದು ಇದನ್ನೇ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ, ಸುಮಾರು 54 ಲೀಟರ್ ನೀರು ಹಿಡಿಯುವ ತೊಟ್ಟಿ ಒಂದು ಕೆಂಪು ಕ್ರೇಫಿಶ್‌ಗೆ ಸಾಕು. ಅದೊಂದೇ ಇದ್ದರೆ ಬೇಸರವಾದೀತೆಂದು ಭಾವಿಸಬೇಡಿ. ರಾತ್ರಿ ಕೋಣೆಯ ಲೈಟು ಆರಿಸಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಿ. ಕಲ್ಲು ಹೊರುತ್ತದೆ, ಗುಂಡಿ ತೋಡುತ್ತದೆ, ಇಡೀ ತೊಟ್ಟಿಯ ವಿನ್ಯಾಸವನ್ನು ತನಗೆ ಬೇಕಾದಂತೆ ಬದಲಿಸುತ್ತದೆ.

ಮೀನಿನ ಜೊತೆಗೇ ಬೇಕೆಂದರೆ ಮೂರು ಅಡಿಗಿಂತ ಕಡಿಮೆಯ ತೊಟ್ಟಿಯಲ್ಲಿ ಪ್ರಯತ್ನಿಸಬೇಡಿ. ಉದ್ದ, ಅಗಲ ಮುಖ್ಯ. ಆದರೂ ಮೀನುಗಳು ಮೇಲೆ ಇರಬೇಕಾದ್ದರಿಂದ ನೀರಿನ ಆಳವೂ ಒಂದಡಿಗಿಂತ ಹೆಚ್ಚಿರಲಿ. ತಳದಲ್ಲಿ ಕ್ರೇಫಿಶ್ ಒಂದೇ ಇದ್ದರೂ ಮೂರು ನಾಲ್ಕು ಅಡಗುತಾಣ ಮಾಡಿ: ಪಿವಿಸಿ ಪೈಪಿನ ತುಂಡು, ಒಡೆದ ಮಣ್ಣಿನ ಕುಂಡ, ದೊಡ್ಡ ಕಲ್ಲು. ಅದರಲ್ಲೊಂದು ಕ್ರೇಫಿಶ್‌ಗೆ ಮಾತ್ರ ನುಗ್ಗಲು ಸಾಧ್ಯವಾಗುವಷ್ಟು ಇಕ್ಕಟ್ಟಾಗಿರಲಿ, ಪೊರೆ ಬಿಡುವಾಗ ಅದೇ ಅದರ ಕೋಟೆ. ಎರಡು ದಿನ ಆಹಾರ ಮುಟ್ಟದೆ ಅಡಗಿ ಕುಳಿತರೆ ಪೊರೆ ಹತ್ತಿರವಿದೆ ಎಂದು ತಿಳಿಯಿರಿ. ಸಾಧ್ಯವಿದ್ದರೆ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯನ್ನು ಅಡಗುತಾಣದ ಮೇಲೆ ಮಗುಚಿ, ಮೀನುಗಳನ್ನು ಕೆಲವು ದಿನ ದೂರವಿಡಿ. ಆಹಾರವನ್ನು ಲೈಟು ಆರಿಸಿದ ಮೇಲೆ ಕೊಡಿ: ಮುಳುಗುವ ಪೆಲೆಟ್, ಬೇಯಿಸಿದ ಪಾಲಕ್ ಎಲೆ, ಸೌತೆಕಾಯಿ ಹೋಳು, ಒಣಗಿದ ಕಾಡುಬಾದಾಮಿ ಎಲೆ. ಹೊಟ್ಟೆ ತುಂಬಿದ ಕ್ರೇಫಿಶ್ ಮಲಗಿದ ಮೀನಿನ ಕಡೆಗೆ ಹೋಗುವುದು ಕಡಿಮೆ. ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ. ಅಂದದ ಗಿಡಗಳ ಆಸೆಯನ್ನು ಮಾತ್ರ ಬಿಟ್ಟುಬಿಡಿ. ಎಲ್ಲವನ್ನೂ ಬುಡದಲ್ಲೇ ಕತ್ತರಿಸುತ್ತದೆ. ತೊಟ್ಟಿಗೆ ಮುಚ್ಚಳ ಬಿಗಿಯಾಗಿರಲಿ. ಫಿಲ್ಟರಿನ ಪೈಪು, ವಯರು ಹಿಡಿದು ಹತ್ತಿ ಹೊರಗೆ ಬಂದು ಕಪಾಟಿನ ಹಿಂದೆ ಒಣಗಿ ಸಾಯುವ ಕ್ರೇಫಿಶ್‌ಗಳು ಅನೇಕ.

ಯಾವ ಜಾತಿ ಒಳ್ಳೆಯದು? ಮೆಕ್ಸಿಕೋದ ಪುಟ್ಟ ಕಿತ್ತಳೆ ಕ್ರೇಫಿಶ್ ನಾಲ್ಕು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ, ಸಣ್ಣ ಮೀನುಗಳ ಜೊತೆ ನಿಜವಾಗಿ ಹೊಂದಿಕೊಳ್ಳುವುದು ಅದೇ. ಆದರೆ ಅದರ ತವರು ಪಾಟ್ಸ್‌ಕ್ವಾರೊ ಸರೋವರ ಸಮುದ್ರ ಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಕರಾವಳಿಯ ಏಪ್ರಿಲ್ ತಿಂಗಳ ಸೆಕೆಯನ್ನು ಅದು ತಾಳುವುದು ಕಷ್ಟ. ರೆಡ್‌ಕ್ಲಾ ಬಿಸಿ ನೀರಿಗೆ ಒಗ್ಗುತ್ತದೆ, ಸ್ವಭಾವವೂ ಸ್ವಲ್ಪ ಸೌಮ್ಯ. ಆದರೆ ಇಪ್ಪತ್ತು ಸೆಂಟಿಮೀಟರ್‌ವರೆಗೂ ಬೆಳೆಯುವ ಪ್ರಾಣಿಗೆ ನಿಮ್ಮ ಮನೆಯಲ್ಲಿ ಜಾಗವಿದೆಯೇ ನೋಡಿಕೊಳ್ಳಿ.

ನೀರಿನ ಬಗ್ಗೆ ಎರಡು ಮಾತು. ಮೀನಿನ ವಿಸರ್ಜನೆಯಿಂದ ಅಮೋನಿಯಾ, ಬ್ಯಾಕ್ಟೀರಿಯಾಗಳಿಂದ ಅದು ನೈಟ್ರೈಟ್, ಬಳಿಕ ನೈಟ್ರೇಟ್ ಆಗುವ ಚಕ್ರವನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೆ ಮೊದಲು ಯಾವ ಜೀವಿಯನ್ನೂ ತುಂಬಬೇಡಿ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ನಮಗೆ ಕುಡಿಯಲು, ಸೋಪಿನ ನೊರೆಗೆ ಚೆನ್ನ. ಚಿಪ್ಪು ಕಟ್ಟಬೇಕಾದ ಜೀವಿಗೆ ಸಾಲದು. ಪರಿಹಾರ ನಮ್ಮ ಕಡಲ ದಡದಲ್ಲೇ ಬಿದ್ದಿದೆ. ಸಮುದ್ರ ನೊರೆ ಎಂದು ಕರೆಯುವ, ಕಪ್ಪೆ ಬೊಂಡಾಸಿನ ಹಗುರವಾದ ಬಿಳಿ ಎಲುಬನ್ನು ಚೆನ್ನಾಗಿ ತೊಳೆದು, ನೆನೆಸಿ, ಒಂದು ತುಂಡು ಹಾಕಿ. ತೊಳೆದ ಚಿಪ್ಪಿನ ಚೂರುಗಳೂ ಆದೀತು.

ಔಷಧಿಯ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಮೀನು ಮತ್ತು ಕ್ರೇಫಿಶ್ ಜೊತೆಗಿರುವ ತೊಟ್ಟಿಯ ದೊಡ್ಡ ತೊಡಕು ಇದೇ. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಹಾಕುವ ಹಲವು ಔಷಧಿಗಳಲ್ಲಿ ತಾಮ್ರವಿದೆ. ಕ್ರೇಫಿಶ್‌ನ ರಕ್ತದಲ್ಲಿ ಆಮ್ಲಜನಕ ಹೊರುವ ವಸ್ತುವಿನಲ್ಲೂ ತಾಮ್ರವೇ ಇದೆ, ನಮ್ಮ ರಕ್ತದಲ್ಲಿ ಕಬ್ಬಿಣ ಇರುವ ಹಾಗೆ. ಆದರೂ ನೀರಿನಲ್ಲಿ ಕರಗಿದ ತಾಮ್ರ ಅದಕ್ಕೆ ವಿಷ. ಮೀನನ್ನು ಗುಣಪಡಿಸುವ ಮದ್ದು ಕ್ರೇಫಿಶ್ಅನ್ನು ಕೊಲ್ಲುತ್ತದೆ. ಆದ್ದರಿಂದ ಕಾಯಿಲೆಯ ಮೀನನ್ನು ಬೇರೆ ಬಕೆಟ್ಟಿಗೆ ತೆಗೆದು ಅಲ್ಲಿಯೇ ಚಿಕಿತ್ಸೆ ಮಾಡಿ. ಇನ್ನೊಂದು ವಿಷ ಪ್ರತಿ ಸಂಜೆ ನಾವೇ ಹಚ್ಚುವಂಥದ್ದು. ಸೊಳ್ಳೆ ಓಡಿಸುವ ಲಿಕ್ವಿಡ್, ಕಾಯಿಲ್, ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ. ಕೀಟಗಳಂತೆ ಕ್ರೇಫಿಶ್ ಕೂಡ ಸಂಧಿಪದಿ. ಸೊಳ್ಳೆಯನ್ನು ಕೊಲ್ಲುವುದು ಅದನ್ನೂ ಕೊಲ್ಲುತ್ತದೆ, ಮೀನಿಗೂ ಕೆಡುಕು. ತೊಟ್ಟಿಯ ಗಾಳಿ ಪಂಪು ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ತಳ್ಳುತ್ತದೆ ಎಂಬುದನ್ನು ಮರೆಯಬೇಡಿ. ತೊಟ್ಟಿ ಇರುವ ಕೋಣೆಗೆ ಸೊಳ್ಳೆಪರದೆ ಕಟ್ಟಿ, ಯಂತ್ರ ಬೇಡ.

ಕರೆಂಟು ಹೋದಾಗ ಏನು ಮಾಡುವುದೆಂದು ಬೇಸಿಗೆಗೆ ಮೊದಲೇ ಯೋಚಿಸಿ. 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಕ್ರೇಫಿಶ್ ನೀರಿನ ಮೇಲ್ಮೈಗೆ ಹತ್ತಿ, ಕಿವಿರು ಒದ್ದೆಯಿರುವ ತನಕ ಗಾಳಿಯಲ್ಲೇ ಉಸಿರಾಡಬಲ್ಲದು; ಅದಕ್ಕೊಂದು ಕೊರಡು ಅಥವಾ ಕಲ್ಲಿನ ಮೆಟ್ಟಿಲು ಇಡಿ. ಮೀನಿಗೆ ಆ ಅನುಕೂಲವಿಲ್ಲ, ಮಗ್ಗಿನಲ್ಲಿ ನೀರನ್ನು ತೆಗೆದು ಎತ್ತರದಿಂದ ಮತ್ತೆ ಸುರಿಯುತ್ತಿರಬೇಕು.

ಇನ್ನು ಕೊನೆಯ ವಿಷಯ. ಸಾಕಿ ಬೇಸರವಾದಾಗ, ಪರೀಕ್ಷೆ ಬಂದಾಗ, ಕುಟುಂಬ ಗಲ್ಫ್‌ಗೆ ಹೊರಡುವಾಗ ಈ ಪ್ರಾಣಿಯನ್ನು ಏನು ಮಾಡುತ್ತೀರಿ? ‘ಪಾಪ, ಸ್ವತಂತ್ರವಾಗಿರಲಿ’ ಎಂದು ಹೊಳೆಗೋ ತೋಡಿಗೋ ಬಿಡುವುದೇ ದಯೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಈ ದಯೆಯ ಫಲ ಏನೆಂದು ಲೋಕದಲ್ಲಿ ನಡೆದದ್ದನ್ನು ನೋಡಿ.

ಕೆಂಪು ಕ್ರೇಫಿಶ್ 1927ರಲ್ಲಿ ಜಪಾನಿಗೆ ಬಂದದ್ದು ಸಾಕುವ ಕಪ್ಪೆಗಳಿಗೆ ಆಹಾರವಾಗಿ. ಅಲ್ಲಿಂದ ತಪ್ಪಿಸಿಕೊಂಡು ದೇಶದ ಗದ್ದೆ, ಕೆರೆಗಳಿಗೆ ಹಬ್ಬಿತು. 2023ರ ಜೂನ್‌ನಿಂದ ಅಲ್ಲಿ ಅದನ್ನು ಮಾರುವುದು, ಹೊರಗೆ ಬಿಡುವುದು ಕಾನೂನಿನ ಪ್ರಕಾರ ನಿಷಿದ್ಧ. ಆದರೆ ಈಗಾಗಲೇ ಮನೆಯಲ್ಲಿರುವುದನ್ನು ಸಾಕಬಹುದು, ಏಕೆಂದರೆ ಸಾಕುವುದನ್ನೂ ನಿಷೇಧಿಸಿದರೆ ಜನ ಒಮ್ಮೆಲೇ ನೀರಿಗೆ ಬಿಟ್ಟುಬಿಟ್ಟಾರು! ಕೀನ್ಯಾದ ನೈವಾಶಾ ಸರೋವರಕ್ಕೆ 1970ರಲ್ಲಿ ಅದನ್ನು ಬಿಡಲಾಯಿತು; ಅಲ್ಲಿನ ನೀರಿನೊಳಗಿನ ಸಸ್ಯಗಳ ನಾಶದಲ್ಲಿ ಅದರ ಪಾತ್ರ ದೊಡ್ಡದು. ಸ್ಪೇನ್‌ಗೆ 1970ರ ದಶಕದ ಆರಂಭದಲ್ಲಿ ಅಮೆರಿಕದ ಲೂಸಿಯಾನಾದಿಂದ ತಂದು ಗ್ವಾದಲ್ಕಿವೀರ್ ನದಿಯ ಜೌಗು ಬಯಲಿಗೆ ಬಿಟ್ಟರು. ಅಂದಲೂಸಿನ ಚರಿತ್ರೆ ಓದಿದವರಿಗೆ ಗೊತ್ತು, ಆ ನದಿಯ ಹೆಸರು ಅರಬಿಯ ‘ಅಲ್ ವಾದಿ ಅಲ್ ಕಬೀರ್’ ಎಂಬುದರಿಂದ ಬಂದದ್ದು. ಅಲ್ಲಿನ ಭತ್ತದ ಗದ್ದೆಗಳ ಬದುಗಳನ್ನು ಕ್ರೇಫಿಶ್ ಕೊರೆದು ತೂತು ಮಾಡಿತು. ಗದ್ದೆಯ ಬದುವಿನಲ್ಲಿ ಏಡಿಯ ತೂತಿನಿಂದ ನೀರು ಸೋರುವ ಕಷ್ಟವನ್ನು ನಮ್ಮ ಹಿರಿಯರು ಬಲ್ಲರು. ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಸಂತಾನ ಬೆಳೆಸುವ ಜೀವಿಯನ್ನು ಊಹಿಸಿ. ಒಂದು ಹೆಣ್ಣು ಬಾಲದ ಕೆಳಗೆ ನೂರಾರು ಮೊಟ್ಟೆಗಳನ್ನು ಒಮ್ಮೆಲೇ ಹೊರುತ್ತದೆ.

‘ನಮ್ಮದು ಒಂದೇ ಇತ್ತು, ಒಂದರಿಂದ ಏನಾದೀತು’ ಎನ್ನುವಂತಿಲ್ಲ. ಅಂಗಡಿಯಿಂದ ಬಂದ ಹೆಣ್ಣು ಮೊದಲೇ ಗಂಡಿನೊಡನೆ ಕೂಡಿರಬಹುದು. ಅದಕ್ಕಿಂತಲೂ ಆಶ್ಚರ್ಯದ ಜಾತಿಯೊಂದಿದೆ: ಮಾರ್ಬಲ್ ಕ್ರೇಫಿಶ್. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಹವ್ಯಾಸಿಗಳ ತೊಟ್ಟಿಗಳಲ್ಲಿ ಇದು ಮೊದಲು ಗಮನಕ್ಕೆ ಬಂತು. ಇದರಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು, ಗಂಡಿನ ನೆರವಿಲ್ಲದೆ ತನ್ನದೇ ಪಡಿಯಚ್ಚಿನಂಥ ಮರಿಗಳನ್ನು ಹಾಕುತ್ತದೆ. 2018ರಲ್ಲಿ ವಿಜ್ಞಾನಿಗಳು ಇದರ ಜೀನೋಮ್ ಓದಿದಾಗ, ಲೋಕದಲ್ಲಿರುವ ಅವೆಲ್ಲವೂ ಒಂದೇ ಹೆಣ್ಣಿನ ಸಂತತಿ ಎಂದು ಕಂಡುಬಂತು. ಇಂದು ಅದು ಮಡಗಾಸ್ಕರ್‌ನ ಗದ್ದೆ, ಹೊಳೆಗಳಲ್ಲಿ ವ್ಯಾಪಕವಾಗಿ ಹಬ್ಬಿ, ಆ ದ್ವೀಪಕ್ಕೇ ಸೀಮಿತವಾದ ಸ್ಥಳೀಯ ಕ್ರೇಫಿಶ್‌ಗಳಿಗೆ ಕಂಟಕವಾಗಿದೆ. ಯುರೋಪಿನ ಒಕ್ಕೂಟ 2016ರಲ್ಲಿ ಕೆಂಪು ಮತ್ತು ಮಾರ್ಬಲ್ ಎರಡನ್ನೂ ಹಾನಿಕರ ವಿದೇಶಿ ಜೀವಿಗಳ ಪಟ್ಟಿಗೆ ಸೇರಿಸಿ, ಸಾಕುವುದನ್ನೂ ಮಾರುವುದನ್ನೂ ನಿರ್ಬಂಧಿಸಿತು.

ನಮ್ಮಲ್ಲಿ ಸ್ಥಳೀಯ ಕ್ರೇಫಿಶ್ ಇಲ್ಲವೆಂದು ಆಗಲೇ ಹೇಳಿದ್ದೆ. ಅಂದರೆ ನೇತ್ರಾವತಿಯ, ಶರಾವತಿಯ, ಕಾಳಿಯ ಮೀನು, ಏಡಿ, ಗೊದಮೊಟ್ಟೆಗಳು ಇಂಥ ಬೇಟೆಗಾರನನ್ನು ಎಂದೂ ಕಂಡಿಲ್ಲ. ಪಶ್ಚಿಮ ಘಟ್ಟದ ಹೊಳೆಗಳಲ್ಲಿರುವ ಹಲವು ಮೀನುಗಳು ಲೋಕದಲ್ಲಿ ಬೇರೆಲ್ಲೂ ಇಲ್ಲ. ಅಕ್ವೇರಿಯಂನಿಂದ ಹೊರಗೆ ಹೋದ ಸಕ್ಕರ್ ಮೀನು ಈಗಾಗಲೇ ಭಾರತದ ಹಲವು ರಾಜ್ಯಗಳ ನೀರಿನಲ್ಲಿ ನೆಲೆಯೂರಿದೆ. 2018ರ ಮಹಾಪ್ರವಾಹದ ನಂತರ ಕೇರಳದ ನದಿಗಳಲ್ಲಿ ದಕ್ಷಿಣ ಅಮೆರಿಕದ ಅರಪೈಮಾ ಮೀನು ಬಲೆಗೆ ಬಿತ್ತು. ಅದನ್ನು ಯಾರೂ ಬೇಕೆಂದು ಬಿಟ್ಟದ್ದಲ್ಲ, ನೆರೆ ನೀರು ಸಾಕುವ ಕೊಳಗಳನ್ನು ತುಂಬಿ ಹರಿಸಿತು. ಆದ್ದರಿಂದ ಅಂಗಳದ ಸಿಮೆಂಟ್ ತೊಟ್ಟಿಯಲ್ಲಿ, ತೋಟದ ಕೆರೆಯಲ್ಲಿ ಕ್ರೇಫಿಶ್ ಸಾಕುವುದು ಬೇಡವೇ ಬೇಡ. ಜೂನ್ ತಿಂಗಳ ಮಳೆಯಲ್ಲಿ ಅದು ಒದ್ದೆ ನೆಲದ ಮೇಲೆ ನಡೆದೇ ಹೋಗುತ್ತದೆ.

ಬೇಡವಾದರೆ ಸಾಕುವ ಇನ್ನೊಬ್ಬರನ್ನು ಹುಡುಕಿ ಕೊಡಿ, ಅಥವಾ ತಂದ ಅಂಗಡಿಗೇ ಮರಳಿಸಿ. ಹಣ ಕೇಳದಿದ್ದರೆ ಹೆಚ್ಚಿನವರು ತೆಗೆದುಕೊಳ್ಳುತ್ತಾರೆ. ಯಾರೂ ಸಿಗದಿದ್ದರೆ ಅದು ಬದುಕಿರುವಷ್ಟು ದಿನ ನೀವೇ ನೋಡಿಕೊಳ್ಳಬೇಕು. ಎರಡರಿಂದ ಐದು ವರ್ಷದ ಮಾತು. ಕೊಳ್ಳುವ ಮೊದಲೇ ಇದನ್ನು ಮನೆಯವರೊಡನೆ ಚರ್ಚಿಸಿ. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ಚರಂಡಿಗೆ, ತೋಡಿಗೆ ಸುರಿಯಬೇಡಿ. ಸುಲಭವಾಗಿ ಗಮನಕ್ಕೆ ಬಾರದಷ್ಟು ಚಿಕ್ಕ ಮರಿಗಳು ಅದರಲ್ಲಿರಬಹುದು. ಹಳೆಯ ಬಟ್ಟೆಯಲ್ಲಿ ಸೋಸಿ, ತೋಡಿನಿಂದ ದೂರವಿರುವ ತೆಂಗಿನ ಬುಡಕ್ಕೆ ಹಾಕಿ. ಅದರಲ್ಲಿರುವ ನೈಟ್ರೇಟ್ ಮರಕ್ಕೆ ಒಳ್ಳೆಯ ಗೊಬ್ಬರ.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ತೊಟ್ಟಿಯ ಅಳತೆ ಬರೆದುಕೊಂಡು ಬಂದ ವಿದ್ಯಾರ್ಥಿಗಳು ಭಾಷಣದ ನಂತರ ನನ್ನನ್ನು ಕಾಣಬಹುದು. ವಸ್ಸಲಾಮ್.